ಮೇಜಿನ ಲೇಖನಿಯೂ ಗಾಜಿನ ಬೀರುವೂ

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಸಂಗ್ರಾಹಕ ಮಹನೀಯರೊಬ್ಬರು ಹಳೆಯ ಮೇಜಿನ ಪೆನ್ನಿನ ಸೆಟ್ಟುಗಳನ್ನು ಕುರಿತು ಉಪನ್ಯಾಸ ಮಾಡಿದರು. ಉಪನ್ಯಾಸವು ಸೊಗಸಾಗಿಯೇ ಇದ್ದಿತು. ಅವರು ತಂದಿರಿಸಿದ್ದ ೧೭ ಸೆಟ್ಟುಗಳು ಅದಕ್ಕಿಂತಲೂ ಸೊಗಸಾಗಿದ್ದುವು. ಅವುಗಳಲ್ಲಿ ೬ ಸೆಟ್ಟುಗಳು ಜೋಡಿ ಪೆನ್ನಿನವು. ಅಂತು ೨೩ ಲೇಖನಿಗಳು ಸಾಲಾಗಿ ಬಾಲವೆತ್ತಿ ನಿಂತಿದ್ದುವು. ಸಭೆ ಮುಗಿದ ಮೇಲೆ ಅಧ್ಯಕ್ಷರು ಹಾಜರಿ ಪುಸ್ತಕಕ್ಕೆ ರುಜು ಹಾಕಲು ಪೆನ್ನೊಂದನ್ನು ಕೇಳಿದರು. ಕೇಳಿದಾಗ ತಿಳಿದುದೇನೆಂದರೆ, ಅಷ್ಟು ಲೇಖನಿಗಳಿದ್ದ ಆ ಮೇಜಿನ ಮೇಲೆ ಒಂದಕ್ಷರವನ್ನು ಬರೆಯಬಲ್ಲ ಲೇಖನಿ ಒಂದಾದರೂ ಇರಲಿಲ್ಲ. ಜವಾನನ ಜೇಬಿನಿಂದ ಐದು ರೂಪಾಯಿನ ಬಾಲ್‌ಪೆನ್ನು ಬಂದಿತು. ಸಭಿಕರು ನಕ್ಕರು, ಉಪನ್ಯಾಸಕರೂ ನಕ್ಕರು. ನನಗೆ ನಗು ಬರಲಿಲ್ಲ. ಅದರ ಕಾರಣವನ್ನು ಅಂದೇ ಹೇಳಿದ್ದರೆ ಅತಿಥಿಗೆ ಅಪಚಾರವಾಗುತ್ತಿದ್ದಿತು. ಆದುದರಿಂದ ಸಂಪಾದಕ ಮಹಾಶಯರ ಅಪ್ಪಣೆಯನ್ನು ಪಡೆದು ಇಲ್ಲಿ ಹೇಳುತ್ತಿರುವೆನು.

ಪೂರ್ವಪಕ್ಷವನ್ನು ಮೊದಲು ಹೇಳಿ ಆಮೇಲೆ ಖಂಡಿಸುವುದು ನಾನು ಓದಿದ ಪಾಠಶಾಲೆಯ ಕ್ರಮ. ಉಪನ್ಯಾಸಕರು ಹೊಸದಾಗಿ ಸಂಗ್ರಹಕ್ಕೆ ಕೈಹಾಕುವವರಿಗೆ ಕೊಟ್ಟ ಉಪದೇಶದಲ್ಲಿ ಮೂರು ಮಾತುಗಳು ಮುಖ್ಯವಾಗಿದ್ದುವು. ಒಮ್ಮೆಯೂ ಮಸಿ ಕಾಣದ ಸೆಟ್ಟೇ ಉತ್ತಮೋತ್ತಮವಾದುದು. ಅದು ಕೈಗೆ ಬಂದರೆ ಎಂದೆಂದಿಗೂ ಮಸಿ ಮುಟ್ಟಿಸಬಾರದು ಎಂಬುದು ಒಂದು. ಪೀಠದ ಮೇಲೆ ಹೆಸರು ಕೊರೆದ ಫಲಕವಿದ್ದರೆ ಬೆಲೆ ಇಳಿಯುವುದು. ಅದನ್ನು ತೆಗೆಸಿ ಕಲ್ಲಿಗೆ ಮೆರುಗು ಕೊಡಿಸುವುದು ಲೇಸು ಎಂಬುದು ಇನ್ನೊಂದು. ಪೀಠವಾಗಲಿ ಪೆನ್ನಾಗಲಿ ಊನವಾಗಿದ್ದರೆ ಒಂದನ್ನೊಂದರಿಂದ ಬೇರ್ಪಡಿಸಿ, ಪೆನ್ನಿನ ಬಾಲವನ್ನು ಕತ್ತರಿಸಿ ಮುಚ್ಚಳ ಹಾಕಿ ಜೇಬಿನ ಪೆನ್ನಾಗಿ ಮಾರಬಹುದು ಎಂಬುದು ಮೂರನೆಯದು. ಈ ಮೂರು ಮಾತುಗಳೂ ತಪ್ಪೆಂದೂ, ಇವುಗಳಲ್ಲಿ ಎರಡನೆಯದು ತಪ್ಪು ಮಾತ್ರವಲ್ಲದೆ ಪಾಪವೆಂದೂ ನನ್ನ ಅಭಿಪ್ರಾಯ.

ಈ ವಸ್ತುವನ್ನು ಕಂಡಿರದ ತರುಣ ವಾಚಕರಿಗಾಗಿ ಅದರ ಸ್ವರೂಪವನ್ನು ಸ್ವಲ್ಪ ಹೇಳಬೇಕು. ನಮ್ಮ ಹಿರಿಯರು ತಾಳೆಯೋಲೆಯ ಮೇಲೆ ಕಂಟದಿಂದ ಕೊರೆದರು. ಕಾಗದ ಬಂದ ಮೇಲೆ ಲೆಕ್ಕಣಿಕೆಯನ್ನು ಮಸಿಕುಡಿಕೆಯಲ್ಲಿ ಅದ್ದಿ ಅದ್ದಿ ಬರೆದರು. ಅದ್ದುವುದು, ನಾಲ್ಕು ಮಾತು ಬರೆಯುವುದು, ಮತ್ತೆ ಅದ್ದುವುದು. ಒಡಲೊಳಗೇ ಮಸಿಯನ್ನು ಇಟ್ಟುಕೊಂಡು ನಿಯಮವಾಗಿ ಇಳಿಸುವ ಪೆನ್ನಿಗೆ ಅಮೆರಿಕದ ವಾಟರ್‌ಮನ್ ಎಂಬವರು ೧೮೮೪ರಲ್ಲಿ ಪೇಟೆಂಟು ಪಡೆದರು. ಅಯೊವಾ ಸಂಸ್ಥಾನದ ಫೋರ್ಟ್ ಮ್ಯಾಡಿಸನ್ ಎಂಬ ಊರಿನಲ್ಲಿ ಒಡವೆಯಂಗಡಿ ಇಟ್ಟಿದ್ದ ಶೇಫರ್ ಎಂಬವರು, ಪಕ್ಕದ ಸನ್ನೆಕಡ್ಡಿಯನ್ನು ಎತ್ತಿ ಇಳಿಸಿದರೆ ಒಳಗಿನ ರಬ್ಬರಿನ ಚೀಲಕ್ಕೆ ಮಸಿ ತಾನೇ ಏರುವ ಉಪಾಯಕ್ಕೆ ೧೯೦೮ರಲ್ಲಿ ಪೇಟೆಂಟು ಪಡೆದರು. ಆದರೂ ಇವೆಲ್ಲ ಜೇಬಿನ ಪೆನ್ನುಗಳೇ. ದಿನವೆಲ್ಲ ಮೇಜಿನ ಮುಂದೆ ಕುಳಿತು ನೂರು ಕಾಗದಗಳಿಗೆ ರುಜು ಹಾಕುವವನು ನೂರು ಸಲ ಮುಚ್ಚಳವನ್ನು ತಿರುಪಿ ತೆಗೆದು ನೂರು ಸಲ ತಿರುಪಿ ಮುಚ್ಚಬೇಕು. ಅದಕ್ಕೆ ಎರಡು ಕೈಯೂ ಬೇಕು. ಈ ಕಷ್ಟದ ಪರಿಹಾರಕ್ಕಾಗಿ ೧೯೨೦ರ ದಶಕದಲ್ಲಿ ಶೇಫರ್, ಪಾರ್ಕರ್, ವಾಟರ್‌ಮನ್ ಮೊದಲಾದ ಕಂಪನಿಗಳು ಮೇಜಿನ ಸೆಟ್ಟನ್ನು ಪ್ರಚಾರಕ್ಕೆ ತಂದುವು.

ಅದರ ರಚನೆ ಬಹು ಚೆಲುವಾದುದು. ಕಲ್ಲಿನದೋ ಕಂಚಿನದೋ ಕರಿಗಾಜಿನದೋ ಒಂದು ಭಾರವಾದ ಪೀಠ. ಪೀಠದ ಮೇಲೆ ಬೇಕಾದ ಕಡೆಗೆ ಬಾಗುವ ಒಂದು ಗುಂಡುಕೀಲು. ಕೀಲಿನ ಮೇಲೆ ಕಹಳೆಯಂತೆ ಬಾಯಿ ಅಗಲಿಸಿದ ಒಂದು ಕೊಳವಿ. ಲೇಖನಿಗೆ ಮುಚ್ಚಳವೇ ಇಲ್ಲ. ಅದರ ಹಿಂಭಾಗವು ಇಲಿಯ ಬಾಲದಂತೆ ನೀಳವಾಗಿ ಸಣ್ಣಗಾಗುತ್ತ ಹೋಗುವುದು. ನಿಬ್ಬನ್ನು ಕೆಳಗೆ ಮಾಡಿ ಕೊಳವಿಯೊಳಕ್ಕೆ ಇಳಿಸಿದರೆ, ಒಳಗಿನ ಅಸ್ತರಿಯು ಪೆನ್ನಿನ ಕೊರಳನ್ನು ಗಾಳಿಯಾಡದಂತೆ ಹಿಡಿದುಕೊಳ್ಳುವುದು. ಹಾಗೆ ಹಿಡಿದಿರುವ ತನಕ ನಿಬ್ಬಿನ ತುದಿಯಲ್ಲಿ ಮಸಿ ಒಣಗದು. ಎಡಗೈ ಕಾಗದವನ್ನು ಒತ್ತಿ ಹಿಡಿದಿರುವಾಗಲೇ ಬಲಗೈ ಬಾಲವನ್ನು ಹಿಡಿದು ಎಳೆದರೆ, ಕ್ಷಣಮಾತ್ರದಲ್ಲಿ ಬರೆಯಲು ಸಿದ್ಧವಾದ ಲೇಖನಿ. ಕೆಲಸ ಮುಗಿದೊಡನೆ ಮತ್ತೆ ತನ್ನ ಮನೆಗೆ.

ಇದನ್ನು ಮನಸ್ಸಿಗೆ ತಂದುಕೊಂಡರೆ ಉಪನ್ಯಾಸಕರ ಮೂರನೆಯ ಮಾತು ಏಕೆ ತಪ್ಪೆಂಬುದು ತಾನೇ ತಿಳಿಯುವುದು. ಮೇಜಿನ ಪೆನ್ನಿಗೆ ಮುಚ್ಚಳವಿಲ್ಲವೆಂದೆನಷ್ಟೆ. ಪೀಠದ ಕೊಳವಿಯೇ ಅದರ ಮುಚ್ಚಳ. ಪೀಠವನ್ನು ಕಳೆದುಕೊಂಡ ಪೆನ್ನು ಸ್ವಲ್ಪ ಹೊತ್ತಿನಲ್ಲಿಯೇ ಬಾಯೊಣಗಿ ಸಾಯುವುದು. ಪೆನ್ನನ್ನು ಕಳೆದುಕೊಂಡ ಪೀಠವು ಕಾಗದದ ಮೇಲೆ ಭಾರವಾಗಿ ಕೂರುವುದಕ್ಕಲ್ಲದೆ ಮತ್ತಾವುದಕ್ಕೂ ಬಾರದು. ವ್ಯಾಕರಣದಲ್ಲಿ ನಿತ್ಯಸಮಾಸವೆಂಬುದೊಂದುಂಟು, ತನ್ನೊಳಗಿನ ಪದಗಳಿಂದಲೇ ಅದನ್ನು ಬಿಡಿಸಿ ಹೇಳಲಾಗದು, ಬಿಡಿಸಲು ಹೋದರೆ ಅರ್ಥವೇ ಹೊರಟುಹೋಗುವುದು. ಮೇಜಿನ ಸೆಟ್ಟು ಅಂತಹ ನಿತ್ಯಸಮಾಸ. ಇದನ್ನು ವಿಗ್ರಹ ಮಾಡಿ ಎರಡು ಅಂಗಡಿಯಲ್ಲಿ ಎರಡು ಬೆಲೆಗೆ ಮಾರುವವರು ಲಾಭ ಮಾಡಿಕೊಳ್ಳಬಹುದು. ಅವರನ್ನು ಸಂಗ್ರಾಹಕರೆಂದು ಕರೆಯುವುದು ಮಾತ್ರ ಶಬ್ದಕ್ಕೆ ಅನ್ಯಾಯ. ಸಂಗ್ರಹವೆಂದರೆ ಕೂಡಿಸುವುದು, ಒಡೆಯುವುದಲ್ಲ.

ಇಲ್ಲಿ ಉಪನ್ಯಾಸಕರು ಒಂದು ಜಾಣ ಉತ್ತರವನ್ನು ಕೊಡಬಹುದು. ವಿಸ್ಕಾನ್ಸಿನ್ ಸಂಸ್ಥಾನದ ಜೇನ್ಸ್‌ವಿಲ್ಲಿನ ಪಾರ್ಕರ್ ಕಂಪನಿಯವರೇ ೧೯೨೧ರಲ್ಲಿ ಹೊರತಂದ ತಮ್ಮ ಪ್ರಸಿದ್ಧವಾದ ಡ್ಯುಯೋಫೋಲ್ಡ್ ಪೆನ್ನನ್ನು ಮುಂದೆ ಮೇಜಿಗೂ ಜೇಬಿಗೂ ಒದಗುವಂತೆ ಮಾಡಲಿಲ್ಲವೆ? ಹಿಂಬದಿಯ ಮೊಟಕು ತುದಿಯನ್ನು ತಿರುಪಿ ತೆಗೆದು ನೀಳವಾದ ಬಾಲವನ್ನು ಹಾಕಿದರೆ ಮೇಜಿನ ಪೆನ್ನು. ಬಾಲವನ್ನು ತೆಗೆದು ತುದಿಯನ್ನೂ ಮುಚ್ಚಳವನ್ನೂ ಹಾಕಿದರೆ ಜೇಬಿನ ಪೆನ್ನು. ಮಾಡಿದವರೇ ಹೀಗೆ ಮಾಡಿರುವಾಗ ನಾವು ಮಾಡಿದರೆ ದೋಷವೇನು? ದೋಷವಿದೆ. ಪಾರ್ಕರ್ ಕಂಪನಿಯವರು ಎರಡು ಅಂಗಗಳನ್ನೂ ಕೊಟ್ಟರು. ಹಗಲು ಕಚೇರಿಯಲ್ಲಿ ಬಾಲ, ಸಂಜೆ ಮನೆಗೆ ಹೊರಡುವಾಗ ಮುಚ್ಚಳ. ಪೆನ್ನು ಎಲ್ಲಿದ್ದರೂ ಬರೆಯುತ್ತಲೇ ಇದ್ದಿತು. ಈಗಿನವರು ಒಂದು ಅಂಗವನ್ನು ಕತ್ತರಿಸಿ ಕಸಕ್ಕೆ ಹಾಕುವರು. ಅಂಗಿಯನ್ನು ಬದಲಿಸುವುದಕ್ಕೂ ಕೈಯನ್ನು ಕಡಿಯುವುದಕ್ಕೂ ಇರುವ ಭೇದವನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು ಎರಡನೆಯ ಮಾತಿಗೆ ಬರುವೆನು; ಈ ಲೇಖನವನ್ನು ಬರೆಯಿಸಿದುದು ಅದೇ.

ಮೇಜಿನ ಸೆಟ್ಟನ್ನು ತನಗಾಗಿ ತಾನೇ ಕೊಂಡುಕೊಂಡವರು ಉಂಟು. ಆದರೆ ಬಹುಮಟ್ಟಿಗೆ ಅದು ಕಾಣಿಕೆಯ ವಸ್ತು. ವರ್ಗವಾಗಿ ಹೋಗುವ ಅಧಿಕಾರಿಗೆ, ನಿವೃತ್ತನಾಗುವ ಗುರುವಿಗೆ, ಮೂವತ್ತು ವರ್ಷ ದುಡಿದ ಗುಮಾಸ್ತನಿಗೆ ಹತ್ತು ಜನ ಚಂದಾ ಎತ್ತಿ ಕೊಡುತ್ತಿದ್ದ ವಸ್ತು. ಆದುದರಿಂದಲೇ ಪೀಠದ ಮುಂಭಾಗದಲ್ಲಿ ಸಣ್ಣದೊಂದು ಹಿತ್ತಾಳೆಯ ಫಲಕವನ್ನು ಹಚ್ಚಿ, ಕೊಟ್ಟವರ ಹೆಸರನ್ನೂ ಪಡೆದವರ ಹೆಸರನ್ನೂ ವರ್ಷವನ್ನೂ ಕೊರೆಸುವ ರೂಢಿಯಿದ್ದಿತು. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಹುಟ್ಟಿದ ಸಾವಿರ ಪೀಠಗಳಲ್ಲಿ ಇದು ಇಂಥ ಊರಿನದು, ಇಂಥ ಮನೆತನದ್ದು ಎಂದು ಹೇಳುವ ಬಾಯಿ ಆ ಫಲಕವೊಂದೇ. ಅದನ್ನು ಕಿತ್ತರೆ ಬೆಲೆ ಏರುವುದೆಂದು ಉಪನ್ಯಾಸಕರು ಹೇಳಿದರು. ಏರಬಹುದು. ಶಾಸನವನ್ನು ಅಳಿಸಿದ ಕಲ್ಲು ಚಪ್ಪಡಿಯಾಗಿ ಹೆಚ್ಚು ಬೆಲೆಗೆ ಹೋಗುವುದೆಂದು ಯಾರಾದರೂ ಲೆಕ್ಕ ತೋರಿಸಿದರೆ ನಾವು ಶಾಸನಗಳನ್ನು ಅಳಿಸುವೆವೆ?

ಅಂದಿನ ಮೇಜಿನ ಮೇಲೆ ಎಡದಿಂದ ನಾಲ್ಕನೆಯದಾಗಿ ಹಸಿರು ಓನಿಕ್ಸ್ ಕಲ್ಲಿನ ಒಂದು ಜೋಡಿ ಸೆಟ್ಟು ಇದ್ದಿತು. ಅದರ ಎಡಮೂಲೆಯಲ್ಲಿ ಚಕ್ಕೆ ಎದ್ದಿರುವುದನ್ನು ವಾಚಕರಲ್ಲಿ ಕೆಲವರಾದರೂ ಗಮನಿಸಿರಬಹುದು. ಆ ಚಕ್ಕೆ ಹೇಗೆ ಎದ್ದಿತೆಂಬುದು ನನಗೆ ಗೊತ್ತು. ೧೯೮೪ರಲ್ಲಿ ನಾನು ಸಂಸ್ಕೃತದ ಉಪಾಧ್ಯಾಯನಾಗಿ ಒಂದು ಹೈಸ್ಕೂಲಿಗೆ ಸೇರಿದ ವರ್ಷವೇ, ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನ ಮೇಲಿಂದ ಭೂಗೋಳವು ಉರುಳಿ ಅದರ ಮೇಲೆ ಬಿದ್ದಿತು. ಜಗತ್ತೇ ತಲೆಯ ಮೇಲೆ ಬಿದ್ದರೂ ಪೆನ್ನು ಬರೆಯುತ್ತಲೇ ಇರುವುದೆಂದು ನಮ್ಮ ಮುಖ್ಯೋಪಾಧ್ಯಾಯರು ಬಹುಕಾಲ ಹಾಸ್ಯ ಮಾಡುತ್ತಿದ್ದರು.

ಆ ಸೆಟ್ಟನ್ನು ೧೯೫೩ನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ಅಂದಿನ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದರು. ಮದರಾಸಿನಿಂದ ತರಿಸಿದ್ದರೆಂದು ಹೇಳುತ್ತಿದ್ದರು. ಅವರು ಅದನ್ನು ಮನೆಗೆ ಒಯ್ಯದೆ ಶಾಲೆಗೇ ಬಿಟ್ಟು ಹೋದರು. ಒಂದು ಪೆನ್ನಿನಲ್ಲಿ ಕಪ್ಪು ಮಸಿ, ಇನ್ನೊಂದರಲ್ಲಿ ಕೆಂಪು. ಪ್ರತಿದಿನ ಬೆಳಿಗ್ಗೆ ನಾವೆಲ್ಲರೂ ಕಪ್ಪು ಪೆನ್ನಿನಿಂದ ಹಾಜರಿ ಪುಸ್ತಕಕ್ಕೆ ರುಜು ಹಾಕುತ್ತಿದ್ದೆವು. ಗಂಟೆ ಹೊಡೆದ ಮೇಲೆ ಬಂದವರ ಹೆಸರಿನ ಮುಂದೆ ಮುಖ್ಯೋಪಾಧ್ಯಾಯರು ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆಯುತ್ತಿದ್ದರು. ನನ್ನ ಹೆಸರಿನ ಮುಂದೆಯೂ ಅಂತಹ ಗೆರೆಗಳು ಎರಡಿರುವುವು. ಫಲಕವನ್ನು ಕನ್ನಡದಲ್ಲಿಯೇ ಕೊರೆಸಿದ್ದರು. ‘ವಿದ್ಯಾರ್ಥಿಗಳು’ ಎಂಬಲ್ಲಿ ಕೊರೆದವನು ಅರ್ಕಾವತ್ತನ್ನು ಬಿಟ್ಟಿದ್ದನು. ಪಾಠಶಾಲೆಯಿಂದ ಹೊಸದಾಗಿ ಬಂದ ನಾನು ಆ ತಪ್ಪನ್ನು ಎತ್ತಿ ಆಡಿದಾಗ ಮುಖ್ಯೋಪಾಧ್ಯಾಯರು, “ಪಂಡಿತರೇ, ಹುಡುಗರು ಕಾಸಿಗೆ ಕಾಸು ಸೇರಿಸಿ ಕೊಟ್ಟದ್ದು, ಒಂದು ಒತ್ತಿಗೆ ದುಡ್ಡು ಸಾಲದೆ ಹೋಯಿತೆಂದು ತಿಳಿಯಿರಿ,” ಎಂದರು. ಆಮೇಲೆ ನಾನು ಆ ಮಾತನ್ನು ಎತ್ತಲಿಲ್ಲ.

ಅಂದು ಸಭೆಯ ಮೇಜಿನ ಮೇಲೆ ಆ ಪೀಠದ ಮುಂಭಾಗದಲ್ಲಿ ಫಲಕವಿರಲಿಲ್ಲ. ಅದು ಇದ್ದ ಜಾಗದಲ್ಲಿ ಬೆರಳೆರಡರಗಲ, ಸುತ್ತಲಿನ ಕಲ್ಲಿಗಿಂತ ತುಸು ತಿಳಿಯಾದ ಒಂದು ಚೌಕ ಮಾತ್ರ ಇದ್ದಿತು. ನಾನು ಸಂಗ್ರಾಹಕರನ್ನು ಪಕ್ಕಕ್ಕೆ ಕರೆದು ಕೇಳಿದೆನು. “ಇತ್ತು ಮೇಷ್ಟ್ರೇ, ನಾನೇ ತೆಗೆಸಿದೆ. ಆ ಹೆಸರುಗಳು ಈಗ ಯಾರಿಗೆ ಬೇಕು? ಹಿತ್ತಾಳೆ ಎಲ್ಲಿ ಹೋಯಿತೋ ನೆನಪಿಲ್ಲ,” ಎಂದರು. ಸರಳ ಮನುಷ್ಯರು, ಸುಳ್ಳು ಹೇಳಲಿಲ್ಲ, ಮುಚ್ಚುಮರೆಯನ್ನೂ ಮಾಡಲಿಲ್ಲ. ತಾವು ತಪ್ಪು ಮಾಡಿದೆವೆಂದು ಅವರಿಗೆ ತೋರಿದ್ದರಲ್ಲವೆ ಮುಚ್ಚುವುದು?

ಇಷ್ಟು ಹೇಳಿದ ಮೇಲೆ ನನ್ನ ಪಾಲನ್ನೂ ಹೇಳದಿದ್ದರೆ ಈ ಲೇಖನವು ಅಪ್ರಾಮಾಣಿಕವಾಗುವುದು. ಆ ಸೆಟ್ಟು ಶಾಲೆಯಿಂದ ಹೊರಗೆ ಹೋದುದು ಹೇಗೆ? ೨೦೦೭ರಲ್ಲಿ ನಿರುಪಯುಕ್ತ ಸಾಮಾನುಗಳ ಹರಾಜು ಆಯಿತು. ಮುರಿದ ಬೆಂಚುಗಳು, ತುಕ್ಕು ಹಿಡಿದ ತಕ್ಕಡಿ, ಹರಿದ ಭೂಪಟಗಳು ಇವುಗಳ ನಡುವೆ ಪಟ್ಟಿಯಲ್ಲಿ ಒಂದು ಸಾಲು: ‘ಪೆನ್ ಸ್ಟ್ಯಾಂಡು, ಕಲ್ಲಿನದು, ಹಳೆಯದು, ೧’. ಆ ಪಟ್ಟಿಯನ್ನು ಪರಿಶೀಲಿಸಿ ರುಜು ಹಾಕಬೇಕಾದ ಮೂವರಲ್ಲಿ ನಾನೂ ಒಬ್ಬನಾಗಿದ್ದೆನು. ಪರಿಶೀಲಿಸಲಿಲ್ಲ, ರುಜು ಹಾಕಿದೆನು. ಅದನ್ನೂ ಬಾಲ್‌ಪೆನ್ನಿನಿಂದ ಹಾಕಿದೆನು. ಆದಕಾರಣ ಸಂಗ್ರಾಹಕರು ನನ್ನನ್ನು, “ನೀವು ಗುಜರಿಗೆ ಹಾಕಿದುದನ್ನು ನಾನು ದುಡ್ಡು ಕೊಟ್ಟು ತಂದು ಉಳಿಸಿದೆನಲ್ಲ!” ಎಂದು ಕೇಳಿದರೆ ನಾನು ತಲೆ ತಗ್ಗಿಸಬೇಕಾದುದೇ. ತಗ್ಗಿಸಿದೆನು. ಆದರೆ ಗುಜರಿಯವನ ಕೈಯಲ್ಲಿಯೂ ಉಳಿದುಕೊಂಡಿದ್ದ ಫಲಕವು ರಸಿಕರ ಕೈಯಲ್ಲಿ ಹೋಯಿತೆಂಬುದನ್ನು ಮಾತ್ರ ತಲೆ ತಗ್ಗಿಸಿಕೊಂಡೇ ಹೇಳುವೆನು.

ಉಳಿದುದು ಮೊದಲನೆಯ ಮಾತು: ಮಸಿ ಕಾಣದುದೇ ಉತ್ತಮವಾದುದು ಎಂಬುದು. ಬರೆಯುವುದಕ್ಕೆ ಕರಣವಾದುದು ಯಾವುದೋ ಅದು ಲೇಖನಿ. ಆ ಶಬ್ದದ ಪ್ರತ್ಯಯವೇ ಅದನ್ನು ಹೇಳುವುದು. ಬರೆಯದಿರುವುದನ್ನೇ ವ್ರತವಾಗಿ ಹಿಡಿದ ವಸ್ತುವಿಗೆ ಬೊಂಬೆಯೆಂದೋ ಒಡವೆಯೆಂದೋ ಬೇರೆ ಹೆಸರನ್ನು ಹುಡುಕಬೇಕು. ಈ ಪೆನ್ನುಗಳನ್ನು ಮಾಡಿದವರ ಮನಸ್ಸಾದರೂ ಏನಾಗಿದ್ದಿತು? ಶೇಫರ್ ಕಂಪನಿಯವರು ೧೯೨೦ರಲ್ಲಿ ‘ಲೈಫ್‌ಟೈಮ್’ ಎಂಬ ಪೆನ್ನನ್ನು ಹೊರತಂದು, ಅದನ್ನು ಕೊಂಡವನ ಜೀವಮಾನಪರ್ಯಂತ ಸರಿಯಾಗಿ ಬರೆಯುವುದೆಂದು ಮಾತು ಕೊಟ್ಟರು. ೧೯೨೪ರಿಂದ ಆ ಮಾತಿನ ಗುರುತಾಗಿ ಪೆನ್ನಿನ ಮೇಲೆ ಒಂದು ಬಿಳಿಯ ಚುಕ್ಕೆಯನ್ನು ಇಟ್ಟರು. ಜೀವಮಾನವೆಲ್ಲ ಬರೆಯಲಿ ಎಂದು ಇಟ್ಟ ಚುಕ್ಕೆ ಅದು. ಇಂದು ಸಂಗ್ರಾಹಕರು ಭೂತಗನ್ನಡಿ ಹಿಡಿದು ಆ ಚುಕ್ಕೆಯನ್ನು ನೋಡಿ, ಪೆನ್ನು ಒಂದು ದಿನವಾದರೂ ಬರೆಯಲಿಲ್ಲವೆಂದು ಸಂತೋಷಪಡುವರು.

ಲೋಕದಲ್ಲಿ ಹೆಸರಾದ ಪೆನ್ನುಗಳು ಹೆಸರಾದುದು ಬರೆದುದರಿಂದಲೇ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ೧೯೬೪ರ ಜುಲೈ ೨ರಂದು ನಾಗರಿಕ ಹಕ್ಕುಗಳ ಶಾಸನಕ್ಕೆ ರುಜು ಹಾಕುವಾಗ ೭೦ಕ್ಕೂ ಹೆಚ್ಚು ಪೆನ್ನುಗಳನ್ನು ಬಳಸಿ, ಅವುಗಳನ್ನು ಸುತ್ತ ನಿಂತವರಿಗೆ ಹಂಚಿದರು. ಒಂದೊಂದು ಪೆನ್ನು ಬರೆದುದು ಒಂದು ಗೆರೆಯೋ ಅರ್ಧ ಅಕ್ಷರವೋ. ಆ ಗೆರೆಯನ್ನು ಬರೆಯದೆ ಪೆಟ್ಟಿಗೆಯಲ್ಲಿಯೇ ಉಳಿದಿದ್ದ ಎಪ್ಪತ್ತೊಂದನೆಯದೋ ಎಂಬತ್ತನೆಯದೋ ಪೆನ್ನು ಇದ್ದಿದ್ದರೆ, ಅದು ಎಷ್ಟು ಹೊಳಪಾಗಿದ್ದರೂ, ಪಡೆದವರು ಬದಲಿಸಿಕೊಳ್ಳಲು ಒಪ್ಪುತ್ತಿದ್ದರೆ?

ನಿಬ್ಬಿನ ವಿಷಯವನ್ನೇ ನೋಡಿರಿ. ಒಳ್ಳೆಯ ಸೆಟ್ಟಿನ ನಿಬ್ಬು ೧೪ ಕ್ಯಾರೆಟ್ ಚಿನ್ನದ್ದು. ಅದು ಆಡಂಬರಕ್ಕಾಗಿ ಇಟ್ಟ ಚಿನ್ನವಲ್ಲ. ಮಾಚಿಕಾಯಿಯ ರಸವನ್ನೂ ಕಬ್ಬಿಣದ ಲವಣವನ್ನೂ ಬೆರಸಿ ಮಾಡುತ್ತಿದ್ದ ಹುಳಿ ಮಸಿಯು ಉಕ್ಕನ್ನು ತಿಂದುಬಿಡುತ್ತಿದ್ದಿತು, ಚಿನ್ನವನ್ನು ತಿನ್ನಲಾರದು. ಚಿನ್ನ ಮೃದುವಾದುದರಿಂದ ತುದಿಯಲ್ಲಿ ಪ್ಲಾಟಿನಮ್ಮಿನ ಜಾತಿಗೆ ಸೇರಿದ ಅತಿ ಗಡಸಾದ ಲೋಹದ ಒಂದು ಕಣವನ್ನು ಬೆಸೆದಿರುವರು. ಆ ಕಣವೂ ವರ್ಷಗಳ ಮೇಲೆ ವರ್ಷ ಬರೆದರೆ, ಬರೆಯುವವನು ಪೆನ್ನನ್ನು ಹಿಡಿಯುವ ಓರೆಗೆ ತಕ್ಕಂತೆ ಸವೆಯುವುದು. ಸವೆದ ನಿಬ್ಬೆಂದರೆ ಒಬ್ಬನ ಕೈಯ ಅಚ್ಚು. ನಮ್ಮ ಶಾಲೆಯ ಸೆಟ್ಟಿನ ಕಪ್ಪು ಪೆನ್ನು ಹತ್ತು ಜನರ ಕೈಯಲ್ಲಿ ಆಡಿ ಸವೆದು ಹೇಗೆ ಹಿಡಿದರೂ ಹರಿಯುತ್ತಿದ್ದಿತು. ಕೆಂಪು ಪೆನ್ನು ಮಾತ್ರ ಮುಖ್ಯೋಪಾಧ್ಯಾಯರೊಬ್ಬರ ಕೈಗೇ ಒಗ್ಗಿದ್ದು, ನಾವು ಮುಟ್ಟಿದರೆ ಗೀರುತ್ತಿದ್ದಿತು. ಸಂಗ್ರಾಹಕರ ಭಾಷೆಯಲ್ಲಿ ಇದಕ್ಕೆ ‘ದೋಷ’ವೆಂದು ಹೆಸರು.

ಮುಟ್ಟದಿದ್ದರೆ ಉಳಿಯುವುದು ಎಂಬ ನಂಬಿಕೆಯಾದರೂ ನಿಜವೆ? ಅದೂ ಅಲ್ಲ. ಒಳಗಿನ ರಬ್ಬರಿನ ಚೀಲವು ಮಸಿ ಕಂಡರೂ ಕಾಣದಿದ್ದರೂ ಕಾಲಕ್ರಮದಲ್ಲಿ ಗಟ್ಟಿಯಾಗಿ ಹಪ್ಪಳದಂತೆ ಪುಡಿಯಾಗುವುದು. ಎಂದೂ ಬಳಸದ ಪೆನ್ನಿನ ಸನ್ನೆಕಡ್ಡಿಯನ್ನು ಎತ್ತಿದರೆ ಒಳಗೆ ಕರಕರ ಸದ್ದು ಬರುವುದು ಇದರಿಂದಲೇ. ಬಣ್ಣಬಣ್ಣದ ಪೆನ್ನುಗಳ ಮೈ ಸೆಲ್ಯುಲಾಯಿಡ್ ಎಂಬ ವಸ್ತುವಿನದು. ನೈಟ್ರಿಕ್ ಆಮ್ಲದಲ್ಲಿ ಸಂಸ್ಕಾರ ಮಾಡಿದ ಹತ್ತಿಗೆ ಕರ್ಪೂರವನ್ನು ಬೆರಸಿ ಮಾಡಿದುದು. ಹಳೆಯದಾದಂತೆ ಅದು ಆಮ್ಲದ ಹಬೆಯನ್ನು ಬಿಡಬಲ್ಲುದು. ಗಾಳಿಯಾಡದ ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಆ ಹಬೆ ಹೊರಗೆ ಹೋಗದೆ ಅಲ್ಲಿಯೇ ಸುತ್ತಿ, ಕೆಟ್ಟ ಪೆನ್ನು ಒಳ್ಳೆಯ ಪೆನ್ನನ್ನೂ ಲೋಹದ ಬಳೆಗಳನ್ನೂ ಕೆಡಿಸುವುದು. ರಬ್ಬರಿನಿಂದ ಹೊರಡುವ ಗಂಧಕದ ಹಬೆಯಂತೂ ತಿಳಿಬಣ್ಣದ ಪೆನ್ನುಗಳನ್ನು ಕಂದಿಸಿಬಿಡುವುದು. ಕೈಯಲ್ಲಿ ಹಿಡಿದು, ಗಾಳಿಗೆ ಒಡ್ಡಿ, ಆಗಾಗ ತೊಳೆದು ಬಳಸುವವನ ಪೆನ್ನೇ ಹೆಚ್ಚು ದಿನ ಬಾಳುವುದು.

ಮೆರುಗು ಕೊಡಿಸುವವರಿಗೆ ಇನ್ನೊಂದು ಮಾತು. ಪೆನ್ನಿನ ಪೀಠಗಳಲ್ಲಿ ಓನಿಕ್ಸ್ ಎಂದು ಕರೆಯುವ ಪಟ್ಟೆಪಟ್ಟೆಯ ಕಲ್ಲು ಬಹುತೇಕ ರತ್ನಶಾಸ್ತ್ರದ ಓನಿಕ್ಸ್ ಅಲ್ಲ. ಅಮೃತಶಿಲೆಯ ಕುಲಕ್ಕೆ ಸೇರಿದ ಮೃದುವಾದ ಸುಣ್ಣದ ಕಲ್ಲು. ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡೊಡನೆ ಹುಣಿಸೆಹಣ್ಣನ್ನು ಕೈಗೆ ತೆಗೆದುಕೊಳ್ಳುವ ಅಭ್ಯಾಸವುಂಟು. ಫಲಕವನ್ನು ಬೆಳಗಲು ಹುಳಿ ಹಚ್ಚಿದರೆ ಅದು ಕೆಳಗಿಳಿದು ಕಲ್ಲನ್ನೇ ಕೊರೆದು ಹೊಳಪನ್ನು ಶಾಶ್ವತವಾಗಿ ತೆಗೆಯುವುದು. ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು. ಎಬೊನೈಟಿನ ಪೆನ್ನನ್ನು ಮಾತ್ರ ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬಾರದು. ಕರಿಯದು ಕಂದು ಬಣ್ಣಕ್ಕೆ ತಿರುಗುವುದು.

ಹೀಗಾದರೆ ಬಳಸುವುದು ಹೇಗೆ, ಚೀಲ ಪುಡಿಯಾಗಿದೆಯಲ್ಲ ಎನ್ನುವಿರೋ? ಹೊಸ ಚೀಲಗಳು ಈಗಲೂ ದೊರೆಯುವುವು. ಅದನ್ನು ಕೂಡಿಸುವುದಕ್ಕೆ ಬೇಕಾದ ಅಂಟು ಸಾಕ್ಷಾತ್ ನಮ್ಮ ದೇಶದ ಅರಗು. ಅದನ್ನು ಮದ್ಯಸಾರದಲ್ಲಿ ಕರಗಿಸಿ ಹಚ್ಚುವುದು ನೂರು ವರ್ಷಗಳ ಪದ್ಧತಿ. ಅರಗಿನ ಗುಣವೇನೆಂದರೆ, ಮುಂದೆ ರಿಪೇರಿ ಮಾಡುವವನು ತುಸು ಶಾಖ ತೋರಿಸಿದರೆ ಬಿಟ್ಟುಕೊಡುವುದು. ಅವಸರಗಾರರು ಇಂದು ಹಚ್ಚುವ ಕ್ಷಣಮಾತ್ರದ ಅಂಟು ಹಾಗೆ ಬಿಡದು. ಪೆನ್ನನ್ನು ಒಡೆದೇ ತೆಗೆಯಬೇಕು. ಹಾಕುವ ಮಸಿಯೂ ಫೌಂಟನ್ ಪೆನ್ನಿನದೇ ಆಗಬೇಕು. ಚಿತ್ರಗಾರರ ಇಂಡಿಯನ್ ಇಂಕನ್ನು ಹಾಕಿದರೆ ನಾಳವು ಕಟ್ಟಿಹೋಗುವುದು. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆದರೆ ಇದಕ್ಕಿಂತ ಹೆಚ್ಚಿನ ಉಪಚಾರವನ್ನು ಅದು ಬೇಡದು. ಕೊಳವಿಯ ಅಸ್ತರಿ ಸೀಳಿದ್ದರೆ ಅದನ್ನೂ ಕಡೆದು ಕೊಡಬಲ್ಲ ಕುಶಲಿಗಳು ನಮ್ಮ ದೇಶದಲ್ಲಿಯೇ ಇರುವರು; ೧೯೩೫ರಲ್ಲಿ ಗಾಂಧಿಯವರ ಮೆಚ್ಚುಗೆಯನ್ನು ಪಡೆದ ರತ್ನಂ ಪೆನ್ನಿನ ಊರಾದ ರಾಜಮಹೇಂದ್ರಿಯಲ್ಲಿ ಎಬೊನೈಟನ್ನು ಕೈಯಿಂದ ಕಡೆಯುವ ವಿದ್ಯೆ ಇನ್ನೂ ಅಳಿದಿಲ್ಲ. ಅಮೆರಿಕದಿಂದ ಬಿಡಿಭಾಗ ಬರಲೆಂದು ಕಾಯುವಂತಿಲ್ಲ. ಫೋರ್ಟ್ ಮ್ಯಾಡಿಸನ್ನಿನ ಶೇಫರ್ ಕಾರ್ಖಾನೆ ೨೦೦೮ರಲ್ಲಿ ಬಾಗಿಲು ಹಾಕಿತು.

ನವರಾತ್ರಿಯಲ್ಲಿ ನಮ್ಮ ಮನೆಗಳಲ್ಲಿ ಪುಸ್ತಕಗಳ ಜೊತೆಗೆ ಲೇಖನಿಯನ್ನೂ ಇಟ್ಟು ಸರಸ್ವತೀ ಪೂಜೆ ಮಾಡುವುದು ವಾಚಕರಿಗೆ ತಿಳಿದುದೇ. ಮೂಲಾ ನಕ್ಷತ್ರದ ದಿನ ಇಟ್ಟ ಲೇಖನಿಯನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟರು; ವಿಜಯದಶಮಿಯಂದು ಎತ್ತಿಕೊಂಡು ಬರೆಯದೆ ಬಿಡರು. ವಾಗ್ದೇವಿಯೇ ಕೆಲವು ದಿನಗಳ ಬಿಡುವಿಗೆ ತೃಪ್ತಳಾಗಿರುವಾಗ, ವರ್ಷಕ್ಕೆ ೩೬೫ ದಿನವೂ ಪೂಜೆಯಲ್ಲಿಡುವ ಈ ಭಕ್ತಿ ಯಾವ ದೇವತೆಯನ್ನು ಕುರಿತುದೋ ನಾನರಿಯೆನು. ಬಹುಶಃ ಆಕೆಯ ಅತ್ತೆಯನ್ನು ಕುರಿತುದಿರಬಹುದು. ಆ ದೇವಿಯ ಕೈಯಿಂದ ನಾಣ್ಯಗಳು ಸುರಿಯುತ್ತಿರುವ ಚಿತ್ರವನ್ನು ಅಂಗಡಿಗಳಲ್ಲಿ ಕಂಡಿದ್ದೇನೆ.

ಸಂಗ್ರಾಹಕರೆಲ್ಲರನ್ನೂ ನಾನು ದೂಷಿಸುತ್ತಿರುವೆನೆಂದು ಯಾರೂ ತಿಳಿಯಬಾರದು. ೧೯೪೫ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಅಂಗಡಿಯಲ್ಲಿ ಬಾಲ್‌ಪೆನ್ನಿನ ಮಾರಾಟ ಆರಂಭವಾದ ಮೇಲೆ ಮೇಜಿನ ಸೆಟ್ಟುಗಳ ಕಾಲವು ಮೆಲ್ಲಮೆಲ್ಲನೆ ಮುಗಿಯುತ್ತ ಬಂದಿತು. ಚಿನ್ನದ ಬೆಲೆ ಏರಿದಾಗಲೆಲ್ಲ ಕೆಲವೇ ಗುಲಗಂಜಿ ತೂಕದ ಚಿನ್ನಕ್ಕಾಗಿ ನಿಬ್ಬನ್ನು ಕಿತ್ತು ಕರಗಿಸಿ ಪೆನ್ನನ್ನು ಎಸೆಯುವವರು ಇರುವರು. ಅಂತಹವರ ಕೈಯಿಂದ ಸಂಗ್ರಾಹಕರು ಉಳಿಸಿದುದು ಅಲ್ಪವೇನಲ್ಲ. ಬೆಲೆಯಿರುವುದನ್ನು ಮಾತ್ರ ಉಳಿಸುವರೆಂಬುದು ನನ್ನ ಆಕ್ಷೇಪ. ಅಮೆರಿಕದಲ್ಲಿ ಬ್ಯಾಂಕುಗಳಲ್ಲಿಯೂ ಅಂಚೆಮನೆಗಳಲ್ಲಿಯೂ ಸಾಮಾನ್ಯ ಜನರು ಬರೆಯುತ್ತಿದ್ದುದು ಎಸ್ಟರ್‌ಬ್ರೂಕ್ ಕಂಪನಿಯ ಉಕ್ಕಿನ ನಿಬ್ಬಿನ ಅಗ್ಗದ ಸೆಟ್ಟುಗಳಲ್ಲಿ. ಅಂದಿನ ೧೭ರಲ್ಲಿ ಅದೊಂದೂ ಇರಲಿಲ್ಲ. ಏಕೆಂದು ಕೇಳಿದ್ದಕ್ಕೆ ಅದು ಏರುವ ವಸ್ತುವಲ್ಲವೆಂದು ಉತ್ತರ ಬಂದಿತು.

ಖಂಡನೆಯನ್ನು ಮಾತ್ರ ಮಾಡಿ ಹೋಗುವುದು ಸುಲಭ. ಆದುದರಿಂದ ಸಂಗ್ರಾಹಕ ಮಹನೀಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ತಿಂಗಳ ಸಭೆಗೆ ಅವರು ಆ ಹಸಿರು ಕಲ್ಲಿನ ಜೋಡಿ ಸೆಟ್ಟನ್ನು ತರಬೇಕು. ಎರಡು ಚೀಲಗಳನ್ನು ಹೊಸದಾಗಿ ಹಾಕಿಸುವ ಖರ್ಚು ನನ್ನದು. ಅಷ್ಟರಲ್ಲಿ ಆಗದಿದ್ದರೆ ಅದ್ದಿಯೇ ಬರೆಯೋಣ. ಕಪ್ಪು ಮಸಿಯ ಸೀಸೆಯನ್ನೂ ಕೆಂಪು ಮಸಿಯ ಸೀಸೆಯನ್ನೂ ನಾನು ತರುವೆನು. ಹೊಸ ಫಲಕವನ್ನು ಕೊರೆಸಬೇಕೆಂದು ನಾನು ಕೇಳುವುದಿಲ್ಲ. ಅರ್ಕಾವತ್ತು ತಪ್ಪದ ಫಲಕವು ಆ ಸೆಟ್ಟಿನದಾಗಲಾರದು. ಅದರಲ್ಲಿದ್ದ ಮಾತುಗಳು ನನಗೆ ಬಾಯಿಗೆ ಬರುತ್ತವೆ. ಅವನ್ನು ಆ ಕಪ್ಪು ಪೆನ್ನಿನಿಂದಲೇ ಒಂದು ಚೀಟಿಯಲ್ಲಿ ಬರೆದುಕೊಡುವೆನು, ಅವರು ಪೀಠದ ಅಡಿಗೆ ಅಂಟಿಸಿಕೊಳ್ಳಲಿ. ೧೯೫೩ರ ಆ ಹುಡುಗರಲ್ಲಿ ಒಬ್ಬಿಬ್ಬರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇರುವರೆಂದು ಕೇಳಿದ್ದೇನೆ. ವಯಸ್ಸು ಎಂಬತ್ತು ದಾಟಿರಬೇಕು; ಈ ಪತ್ರಿಕೆ ಅವರ ಕೈಗೆ ಸೇರಿದರೆ ಅವರೂ ಬರಲಿ, ಮೊದಲ ರುಜು ಅವರದಾಗಲಿ.

ಸಭೆಯು ಸಂಜೆ ಐದೂವರೆ ಗಂಟೆಗೆ. ಆರು ಹೊಡೆದ ಮೇಲೆ ಬರುವವರ ಹೆಸರಿನ ಮುಂದೆ ಕೆಂಪು ಪೆನ್ನಿನ ಗೆರೆ ಬೀಳುವುದು.